237 ಕೆ.ಜಿ. ತೂಕದ ಆಸೆ

ಈ ಮಾತನ್ನು ನೀವು ಎಲ್ಲಿ ಕೂತು ಕೇಳುತ್ತಿದ್ದೀರೋ ನನಗೆ ಗೊತ್ತಿಲ್ಲ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿರಬಹುದು, ಲೋಕಲ್ ಟ್ರೇನಿನಲ್ಲಿ ನಾಲ್ಕನೆಯವರಾಗಿ ಸೀಟಿನ ತುದಿಯಲ್ಲಿ ಕೂತಿರಬಹುದು. ನಿಮ್ಮ ಮನೆಯಲ್ಲಿ ಐವತ್ತು ದಾಟಿದ ಗಂಡಸರೊಬ್ಬರು ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ದೊಡ್ಡ ದೊಡ್ಡ ಬೈಕುಗಳ ವಿಡಿಯೋ ನೋಡುತ್ತಾ ಕೂರುವವರಾಗಿದ್ದರೆ, ದಯವಿಟ್ಟು ಧ್ವನಿಯನ್ನು ಸ್ವಲ್ಪ ಜೋರು ಮಾಡಿ. ನಾನೂ ಆ ಜಾತಿಯವನೇ. ಇವತ್ತು ನನ್ನ ಮನಸ್ಸಿನಲ್ಲಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡೋಣ ಎಂದು ಬಂದಿದ್ದೇನೆ.

ನಾನು ಶಿರಸಿ ಕಡೆಯವನು. ಮುಂಬೈಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಡೊಂಬಿವಲಿಯಲ್ಲಿ ಮನೆ, ಪರೇಲಿನಲ್ಲಿ ಕಚೇರಿ. ಮಗಳು ಹನ್ನೆರಡನೇ ತರಗತಿಯಲ್ಲಿದ್ದಾಳೆ. ಮನೆಸಾಲ ಹೋದ ವರ್ಷ ತೀರಿತು. ಸಾಲದ ಕಂತು ನಿಂತ ತಿಂಗಳು ಮನುಷ್ಯನಿಗೆ ಒಂದು ವಿಚಿತ್ರ ಧೈರ್ಯ ಬರುತ್ತದೆ, ಅದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಆ ಧೈರ್ಯದಲ್ಲಿ ನಾನು ಒಂದು ಬೈಕಿನ ಆಸೆಗೆ ಬಿದ್ದೆ. ಬಿಎಂಡಬ್ಲ್ಯು ಕಂಪನಿಯ ಆರ್ 1300 ಜಿಎಸ್. 2024ರ ಜೂನ್‌ನಲ್ಲಿ ಅದು ಭಾರತಕ್ಕೆ ಬಂದಾಗ ಷೋರೂಮ್ ಬೆಲೆ 20 ಲಕ್ಷದ 95 ಸಾವಿರ ರೂಪಾಯಿ.

ನೀವು ನಗುವ ಮೊದಲು, ಅದು ಏನು ಎಂಬುದನ್ನಾದರೂ ಕೇಳಿ.

ಅಡ್ವೆಂಚರ್ ಟೂರರ್ ಎಂದು ಕರೆಯುವ ಈ ಬೈಕುಗಳ ಉದ್ದೇಶ ಸರಳ. ಹೆದ್ದಾರಿಯಲ್ಲಿ ದಿನಕ್ಕೆ ಐನೂರು ಕಿಲೋಮೀಟರ್ ಬೆನ್ನು ನೋಯದಂತೆ ಓಡಬೇಕು. ಡಾಂಬರು ಮುಗಿದು ಕಲ್ಲು, ಮಣ್ಣು, ಮರಳು ಬಂದರೂ ನಿಲ್ಲಬಾರದು. ಅದಕ್ಕಾಗಿ ನೆಲದಿಂದ ಎತ್ತರ, ಉದ್ದ ಹೋಗುವ ಷಾಕ್ ಅಬ್ಸಾರ್ಬರ್, ಅಗಲವಾದ ಹ್ಯಾಂಡಲ್, ದೊಡ್ಡ ಟ್ಯಾಂಕ್, ಪೆಟ್ಟಿಗೆ ಕಟ್ಟಲು ಜಾಗ. ಈ ಎರಡು ಕೆಲಸಗಳನ್ನು ಒಂದೇ ಗಾಡಿ ಮಾಡಬಹುದು ಎಂದು ಲೋಕಕ್ಕೆ ತೋರಿಸಿಕೊಟ್ಟದ್ದು 1980ರಲ್ಲಿ ಬಂದ ಇದೇ ಕಂಪನಿಯ ಆರ್ 80 ಜಿ/ಎಸ್. ಜಿ ಎಂದರೆ ಜರ್ಮನ್ ಭಾಷೆಯಲ್ಲಿ ಕಾಡುಮೇಡಿನ ನೆಲ, ಎಸ್ ಎಂದರೆ ರಸ್ತೆ. ಮರುವರ್ಷವೇ, ಅಂದರೆ 1981ರಲ್ಲಿ, ಯೂಬೇರ್ ಓರಿಯೋಲ್ ಎಂಬ ಫ್ರೆಂಚ್ ಸವಾರ ಬಿಎಂಡಬ್ಲ್ಯು ಓಡಿಸಿ ಪ್ಯಾರಿಸ್‌ನಿಂದ ಸಹಾರಾ ಮರಳುಗಾಡು ದಾಟಿ ಡಕಾರ್‌ವರೆಗಿನ ರ‍್ಯಾಲಿ ಗೆದ್ದರು. 1983ರಲ್ಲಿ ಮತ್ತೆ ಅವರೇ ಗೆದ್ದರು. ನಂತರದ ಎರಡು ವರ್ಷ ಬೆಲ್ಜಿಯಮ್ಮಿನ ಗ್ಯಾಸ್ಟನ್ ರಾಹಿಯೆ. ರಾಹಿಯೆ ಬಹಳ ಕುಳ್ಳ ಮನುಷ್ಯ, ಆ ಎತ್ತರದ ಬೈಕಿನ ಮೇಲೆ ಕೂತರೆ ಅವರ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಐದಡಿ ಐದಂಗುಲದ ನನಗೆ ಈ ಮಾಹಿತಿ ಎಷ್ಟು ಸಮಾಧಾನ ಕೊಟ್ಟಿತು ಎಂದರೆ, ಆ ಮನುಷ್ಯ ವಿಶ್ವ ಚಾಂಪಿಯನ್ ಎಂಬುದನ್ನೇ ನಾನು ಮರೆತುಬಿಟ್ಟೆ.

ಆ ಮೊದಲ ಬೈಕು 800 ಸಿ.ಸಿ.ಯದ್ದು, 50 ಅಶ್ವಶಕ್ತಿ, ತೂಕ ಸುಮಾರು 186 ಕೆ.ಜಿ. ಈಗಿನ 1300ಕ್ಕೆ 145 ಅಶ್ವಶಕ್ತಿ, ತೂಕ 237 ಕೆ.ಜಿ. ಮಜಾ ಏನೆಂದರೆ, ಈ 237 ಎಂಬುದನ್ನು ಎಲ್ಲರೂ ಹಗುರವಾಯಿತು ಎಂದೇ ಹೊಗಳುತ್ತಾರೆ. ಯಾಕೆಂದರೆ ಇದಕ್ಕಿಂತ ಹಿಂದಿನ 1250 ಮಾದರಿ 249 ಕೆ.ಜಿ. ಇತ್ತು. ಹನ್ನೆರಡು ಕೆ.ಜಿ. ಇಳಿಸಲು ಗೇರ್‌ಬಾಕ್ಸನ್ನು ಎಂಜಿನ್ನಿನ ಹಿಂದಿನಿಂದ ತೆಗೆದು ಅದರ ಅಡಿಗೆ ತಂದಿದ್ದಾರೆ, ಚೌಕಟ್ಟನ್ನೇ ಹೊಸದಾಗಿ ಮಾಡಿದ್ದಾರೆ.

ಎಂಜಿನ್ನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಇದರ ಎರಡು ಸಿಲಿಂಡರುಗಳು ನಮ್ಮ ಬೈಕುಗಳ ಹಾಗೆ ನೆಟ್ಟಗೆ ನಿಂತಿಲ್ಲ. ಎಡಕ್ಕೊಂದು ಬಲಕ್ಕೊಂದು ಅಡ್ಡ ಮಲಗಿ ಗಾಡಿಯ ಪಕ್ಕೆಯಿಂದ ಹೊರಗೆ ಚಾಚಿಕೊಂಡಿವೆ. ಒಳಗಿನ ಪಿಸ್ಟನ್ನುಗಳು ಒಟ್ಟಿಗೆ ಹೊರಗೆ ಹೋಗಿ ಒಟ್ಟಿಗೆ ಒಳಗೆ ಬರುತ್ತವೆ, ಕುಸ್ತಿಗೆ ಮುಂಚೆ ಬಾಕ್ಸರ್ ಎರಡು ಮುಷ್ಟಿ ಗುದ್ದಿಕೊಂಡ ಹಾಗೆ. ಅದಕ್ಕೇ ಬಾಕ್ಸರ್ ಎಂಜಿನ್ ಎಂಬ ಹೆಸರು. 1923ರ ಮೊದಲ ಬಿಎಂಡಬ್ಲ್ಯು ಬೈಕಿನಿಂದ ಇದೇ ಪದ್ಧತಿ. ಭಾರವೆಲ್ಲ ಕೆಳಗೆ ಇರುವುದರಿಂದ ಗಾಡಿ ಓಡುವಾಗ ತನ್ನ ತೂಕವನ್ನು ಮರೆಸುತ್ತದೆ. ಓಡುವಾಗ ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ಇಷ್ಟೆಲ್ಲ ಓದಿ, ನೋಡಿ, ಕನಸಿನಲ್ಲೂ ಗೇರು ಬದಲಿಸಿ ಆದ ಮೇಲೆ ಒಂದು ದಿನ ಅದನ್ನು ಓಡಿಸುವ ಅವಕಾಶ ಬಂತು. ಠಾಣೆಯಲ್ಲಿ ಹೋಟೆಲು ನಡೆಸುವ ನಮ್ಮ ಕರಾವಳಿಯ ಗೆಳೆಯರೊಬ್ಬರು ಕೊಂಡಿದ್ದರು. "ಎಷ್ಟು ದಿನ ಬಾಯಲ್ಲಿ ಓಡಿಸ್ತೀರಿ ಮಾರಾಯ್ರೆ, ಭಾನುವಾರ ಬನ್ನಿ" ಎಂದರು. ಬೆಳಗಿನ ಐದಕ್ಕೆ ಕಲ್ಯಾಣದಿಂದ ಹೊರಟು ಮುರಬಾಡ್ ಮೇಲೆ ಮಾಳ್ಶೇಜ್ ಘಾಟಿಗೆ. ಹೋಗುವಾಗ ಅವರು ಅದರ ಮೇಲೆ, ನಾನು ನನ್ನ ಹಳೆಯ 150 ಸಿ.ಸಿ. ಗಾಡಿಯ ಮೇಲೆ. ಮುರಬಾಡ್ ದಾಟಿದ ಮೇಲೆ ಬದಲಾಯಿಸಿಕೊಂಡೆವು.

ಆ ನಲವತ್ತು ನಿಮಿಷವನ್ನು ನಿಮಗೆ ಹೇಗೆ ಹೇಳಲಿ? ಮೊದಲ ಹತ್ತು ನಿಮಿಷ ಭಯವೊಂದೇ. ಹ್ಯಾಂಡಲ್ ಎಷ್ಟು ಅಗಲವೆಂದರೆ ಕೋಣವನ್ನು ಕೊಂಬು ಹಿಡಿದು ನಡೆಸಿದ ಹಾಗೆ. ಎಕ್ಸಲೇಟರನ್ನು ಒಂದಿಷ್ಟು ತಿರುಗಿಸಿದರೆ ಹಿಂದಿನಿಂದ ಯಾರೋ ಅಂಗೈ ಇಟ್ಟು ನೂಕಿದಂತಾಗುತ್ತದೆ. ಆದರೆ ಹತ್ತು ನಿಮಿಷದ ನಂತರ ಏನೋ ಆಯಿತು. ರಸ್ತೆ ಸಪಾಟಾಗಿಬಿಟ್ಟಿತು. ಹೊಂಡಗಳು ಇದ್ದವು, ಕಣ್ಣಿಗೆ ಕಾಣುತ್ತಿದ್ದವು, ಆದರೆ ಸೊಂಟಕ್ಕೆ ತಲುಪುತ್ತಿರಲಿಲ್ಲ. ಬ್ರೇಕ್ ಹಿಡಿದರೆ ಬೇರೆ ಬೈಕುಗಳ ಹಾಗೆ ಮೂತಿ ಕೆಳಗೆ ಮುಳುಗುವುದಿಲ್ಲ, ಮುಂದಿನ ಚಕ್ರದ ಜೋಡಣೆಯೇ ಬೇರೆ. ಚೈನ್ ಇಲ್ಲ, ಒಳಗೆ ತಿರುಗುವ ದಂಡವೊಂದು ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುತ್ತದೆ. ಆದ್ದರಿಂದ ಚೈನಿನ ಕಿರಿಕಿರಿ ಸದ್ದೂ ಇಲ್ಲ. ಘಾಟಿಯ ತಿರುವಿನಲ್ಲಿ ತೇವವಿತ್ತು. ವಾಲಿಕೊಂಡಿರುವಾಗಲೇ ಬ್ರೇಕ್ ಹಿಡಿದರೂ ಜಾರದಂತೆ ನೋಡಿಕೊಳ್ಳುವ ಎಬಿಎಸ್ ಇದೆ ಎಂದು ಓದಿದ್ದೆ. ಒಂದು ತಿರುವಿನಲ್ಲಿ ಅಡ್ಡ ಬಂದ ಟೆಂಪೋ ನೋಡಿ ಗಾಬರಿಯಲ್ಲಿ ಅದನ್ನೇ ಮಾಡಿದೆ. ಏನೂ ಆಗಲಿಲ್ಲ. ನನ್ನ ಹಳೆಯ ಗಾಡಿಯಲ್ಲಿ ಆಗಿದ್ದರೆ ಇವತ್ತು ನಾನು ನಿಮ್ಮ ಜೊತೆ ಮಾತಾಡುತ್ತಿರಲಿಲ್ಲವೇನೋ. ದೊಡ್ಡ ಬೈಕು ಎಂದರೆ ಬರೀ ಅಪಾಯ ಎಂದು ಹೇಳುವವರಿಗೆ ಇದನ್ನೂ ಹೇಳಬೇಕು.

ಮೇಲೆ ಹತ್ತಿದಾಗ ಬೆಳಕು ಹರಿದಿತ್ತು. ಬೆಟ್ಟದ ಗೋಡೆಯ ಮೇಲಿಂದ ನೀರು ಇಳಿಯುತ್ತಿತ್ತು. ಇಲ್ಲಿಂದ ಹೀಗೇ ಹೋದರೆ ನಾಡಿದ್ದು ಎಲ್ಲಿರುತ್ತೇನೆ ಎಂಬ ಯೋಚನೆ ಬಂತು. ಸ್ಪಿಟಿ, ಕಛ್, ಅರುಣಾಚಲ. ಇಪ್ಪತ್ತೇಳು ವರ್ಷ 7.42ರ ಫಾಸ್ಟ್ ಲೋಕಲ್ ಹಿಡಿದವನಿಗೆ ಆ ಯೋಚನೆ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಲೋಕಲ್ ಹಿಡಿಯುವವರೇ ಹೇಳಬೇಕು. ಇಪ್ಪತ್ತೊಂದು ಲಕ್ಷ ಹೆಚ್ಚೇನಲ್ಲ ಎಂದು ನಾನು ಆ ಕ್ಷಣ ತೀರ್ಮಾನಿಸಿದೆ.

ಮುಂದಿನ ಕ್ಷಣ ಬಿದ್ದೆ.

ಓಡುತ್ತಾ ಬೀಳಲಿಲ್ಲ, ನಿಂತು ಬಿದ್ದೆ. ಚಹಾದ ಗಾಡಿಯ ಮುಂದೆ ಜಲ್ಲಿ ಹರಡಿತ್ತು. ನಿಲ್ಲಿಸಲು ಎಡಗಾಲು ಇಟ್ಟೆ. ಸೀಟಿನ ಎತ್ತರ 850 ಮಿಲಿಮೀಟರ್, ನನ್ನ ಕಾಲಿನ ತುದಿಬೆರಳಷ್ಟೇ ನೆಲಕ್ಕೆ ತಾಗುತ್ತದೆ. ಬೆರಳಿನ ಅಡಿಯ ಕಲ್ಲು ಜರುಗಿತು. ಗಾಡಿ ಒಂದು ಗೇಣು ವಾಲಿತು. ಒಂದು ಗೇಣು ವಾಲುವವರೆಗೆ ಅದನ್ನು ಒಂದು ಕಾಲಲ್ಲಿ ತಡೆಯಬಹುದು, ಅದರ ಮೇಲೆ ಒಂದು ಅಂಗುಲ ಹೋದರೆ ಹನುಮಂತನಿಗೂ ತಡೆಯಲಾಗದು. ನಾನು ಪಕ್ಕಕ್ಕೆ ಹಾರಿದೆ, ಅದು ನಿಧಾನವಾಗಿ, ಎಮ್ಮೆ ಕೆಸರಿನಲ್ಲಿ ಮಲಗಿದ ಹಾಗೆ ಮಲಗಿತು. ನಿಂತಾಗ ಸೀಟನ್ನು ತಾನೇ ಮೂರು ಸೆಂಟಿಮೀಟರ್ ತಗ್ಗಿಸುವ ವ್ಯವಸ್ಥೆಯೂ ಈ ಬೈಕಿಗೆ ಸಿಗುತ್ತದಂತೆ. ಗೆಳೆಯರ ಗಾಡಿಯಲ್ಲಿ ಅದು ಇರಲಿಲ್ಲ, ಇದ್ದರೂ ಆ ಜಲ್ಲಿಗೆ ಅದು ಗೊತ್ತಾಗುತ್ತಿರಲಿಲ್ಲ.

ಎತ್ತಲು ಹೋದೆ. ಅಲುಗಲಿಲ್ಲ. ಗೆಳೆಯರು, ಚಹಾದವನು, ಒಬ್ಬ ತರಕಾರಿ ಟೆಂಪೋದವನು, ನಾನು, ನಾಲ್ವರು ಸೇರಿ ಎತ್ತಿದೆವು. ಗೆಳೆಯರು ದೊಡ್ಡ ಮನಸ್ಸಿನವರು, ಸಿಲಿಂಡರಿನ ಕವಚದ ಮೇಲಾದ ಗೀರನ್ನು ಬೆರಳಿನಿಂದ ಒರೆಸಿ, "ದೃಷ್ಟಿ ಹೋಯ್ತು ಬಿಡಿ" ಎಂದರು. ನನಗೆ ಮಾತ್ರ ಚಹಾ ಇಳಿಯಲಿಲ್ಲ.

ಅವತ್ತು ಸಂಜೆ ಊರಿಗೆ ಫೋನ್ ಮಾಡಿದೆ. ಅಪ್ಪಯ್ಯನಿಗೆ ಎಂಬತ್ತು ವರ್ಷ. ಬೈಕಿನ ಸುದ್ದಿ ಎಂದರೆ ಅವರಿಗೂ ಇಷ್ಟ. ಬಿದ್ದದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ರೇಡಾರ್ ಇದೆ, ಕೆಲವು ಮಾದರಿಗಳಲ್ಲಿ ಮುಂದಿನ ವಾಹನದಿಂದ ತಾನೇ ಅಂತರ ಇಟ್ಟುಕೊಂಡು ಓಡುತ್ತದೆ ಎಂದೆ. ಹ್ಞೂಂ ಎಂದರು. ಹತ್ತೊಂಬತ್ತು ಲೀಟರ್ ಟ್ಯಾಂಕು ಎಂದೆ. ಹ್ಞೂಂ ಎಂದರು. ತೂಕ ಎಷ್ಟು ಎಂದು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು.

"ಬಿದ್ರೆ ಎತ್ತಲೆ ಆಗ್ತ ತಮಾ?"

ನಮ್ಮ ಮನೆಯಲ್ಲಿ ಯೆಜ್ಡಿ ಇತ್ತು. ನಿಮ್ಮಲ್ಲಿ ಮೈಸೂರು ಕಡೆಯವರಿಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ನೆನಪಿರಬಹುದು. ಮುಂಬೈಯ ಪಾರ್ಸಿ ಕುಟುಂಬದ ಇರಾನಿಯವರು 1960ರ ಹೊತ್ತಿಗೆ ಅಲ್ಲಿ ಆರಂಭಿಸಿದರು. ಮೊದಲು ಜೆಕ್ ದೇಶದ ಜಾವಾ, 1973ರ ನಂತರ ಯೆಜ್ಡಿ ಎಂಬ ಹೆಸರು. 1996ರಲ್ಲಿ ಬಾಗಿಲು ಹಾಕಿತು. ಒಂದು ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆದು ಸ್ಟಾರ್ಟ್ ಮಾಡಿದ ಮೇಲೆ ಅದೇ ಕಿಕ್ಕರನ್ನು ಮುಂದಕ್ಕೆ ತಿರುಗಿಸಿದರೆ ಗೇರಿನ ಲಿವರ್ ಆಗುತ್ತಿತ್ತು. ಎಂಟು ಮೈಲಿ ದೂರದಿಂದಲೇ ಅದರ ಸದ್ದು ಕೇಳಿ ಆಯಿ ದೋಸೆ ಬಂಡಿ ಒಲೆಯ ಮೇಲಿಡುತ್ತಿದ್ದಳು ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ಆದರೆ ತಿರುವಿನಿಂದಲಂತೂ ಕೇಳುತ್ತಿತ್ತು. ಅದರ ತೂಕ ಸುಮಾರು 140 ಕೆ.ಜಿ.

1986ರ ಮಳೆಗಾಲದ ಒಂದು ಕಥೆಯನ್ನು ಅಪ್ಪಯ್ಯ ಅವತ್ತು ಫೋನಿನಲ್ಲಿ ಮೊದಲ ಸಲ ಹೇಳಿದರು. ನಾನಾಗ ಹದಿಮೂರು ವರ್ಷದವನು. ಕುಮಟೆಯಲ್ಲಿ ಅತ್ತೆಯ ಮನೆಗೆ ಹೋದವರು ರಾತ್ರಿ ವಾಪಸು ಬರುವಾಗ ದೇವಿಮನೆ ಘಾಟಿಯಲ್ಲಿ ಜಾರಿ ಬಿದ್ದರಂತೆ. ಗಾಡಿ ಕಾಲಿನ ಮೇಲೆ. ಮಳೆ, ಕತ್ತಲೆ, ಉಂಬಳ. ಆ ಹೊತ್ತಿನಲ್ಲಿ ಆ ದಾರಿಯಲ್ಲಿ ವಾಹನವೇ ಇರುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ಇದ್ದರೋ ಅವರಿಗೇ ನೆನಪಿಲ್ಲ. ಒಂದು ಮರದ ಬೇರಿಗೆ ಇನ್ನೊಂದು ಕಾಲು ಒತ್ತಿ, ಬೆನ್ನು ಕೊಟ್ಟು, ಗಾಡಿಯನ್ನು ಒಂದು ಗೇಣು ಎತ್ತಿ ಕಾಲು ಎಳೆದುಕೊಂಡರು. ಆಮೇಲೆ ಅದನ್ನು ನಿಲ್ಲಿಸಿ, ಕಿಕ್ ಹೊಡೆದು, ಮನೆಗೆ ಬಂದು, ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದರು. ತೋಟದಲ್ಲಿ ಜಾರಿದೆ ಎಂದು ನಮಗೆಲ್ಲ ಹೇಳಿದ್ದು ನನಗೆ ನೆನಪಿದೆ. ಮಳೆಗಾಲದಲ್ಲಿ ಅವರು ಆ ಕಾಲನ್ನು ಎಳೆಯುತ್ತಾ ನಡೆಯುವುದನ್ನು ನಲವತ್ತು ವರ್ಷ ನೋಡಿದ್ದೇನೆ. ಕಾರಣ ಈಗ ಗೊತ್ತಾಯಿತು. ನೂರ ನಲವತ್ತು ಕೆ.ಜಿ., ಅದೂ ನಲವತ್ತರ ಹರೆಯದ, ದಿನಾ ಅಡಿಕೆ ಮೂಟೆ ಹೊರುವ ಮೈಗೆ.

ಈಗ ನನ್ನ ಅನುಮಾನಗಳಿಗೆ ಬರುತ್ತೇನೆ. ಆ ಪ್ರಶ್ನೆಯ ನಂತರ ಅವು ಒಂದರ ಹಿಂದೆ ಒಂದು ಸಾಲುಗಟ್ಟಿದವು.

ಮೊದಲನೆಯದು, ಇದನ್ನು ಓಡಿಸುವುದೆಲ್ಲಿ? ನಮ್ಮ ಮುಂಬೈಯಲ್ಲಿ ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ದ್ವಿಚಕ್ರಕ್ಕೆ ಪ್ರವೇಶವಿಲ್ಲ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನ ಮೇಲೂ ಇಲ್ಲ. ಪುಣೆ ಎಕ್ಸ್‌ಪ್ರೆಸ್‌ವೇ ಮೇಲಂತೂ ಮೊದಲಿನಿಂದಲೂ ಇಲ್ಲ. ಊರಿಗೆ ಹೋದರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಿಂದಲೂ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಹೊರಗಿಟ್ಟಿದ್ದಾರೆ. ಗೇಟಿನಲ್ಲಿ ನಿಂತ ಪೊಲೀಸರಿಗೆ ಇಪ್ಪತ್ತೊಂದು ಲಕ್ಷದ್ದೂ ಒಂದೇ, ಡೆಲಿವರಿ ಹುಡುಗನ ಸ್ಕೂಟರೂ ಒಂದೇ. ಎರಡು ಲಕ್ಷದ ಹಳೆಯ ಕಾರು ಸಲೀಸಾಗಿ ಹೋಗುತ್ತದೆ. ಹೋಗಬಹುದಾದ ಹೆದ್ದಾರಿಯಲ್ಲಾದರೂ ಎಷ್ಟು ವೇಗ? 2018ರ ಕೇಂದ್ರದ ಅಧಿಸೂಚನೆಯ ಪ್ರಕಾರ ನಾಲ್ಕು ಪಥದ ರಸ್ತೆಯಲ್ಲೂ ಬೈಕಿಗೆ ಗರಿಷ್ಠ ಮಿತಿ ಗಂಟೆಗೆ 80 ಕಿಲೋಮೀಟರ್. ಈ ಬೈಕು ಇನ್ನೂರನ್ನೂ ದಾಟುತ್ತದೆ. ಎಂಬತ್ತರಲ್ಲಿ ಅದು ಆಕಳಿಸುತ್ತಾ ಹೋಗುತ್ತದೆ.

ಇನ್ನೊಂದು ವಿಷಯ ನನಗೆ ಈಚೆಗಷ್ಟೇ ಹೊಳೆಯಿತು. ನನ್ನ ಲೈಸೆನ್ಸಿನಲ್ಲಿ ಗೇರ್ ಇರುವ ಮೋಟಾರ್‌ಸೈಕಲ್ ಎಂದು ಬರೆದಿದೆ. ಶಿರಸಿಯ ಮೈದಾನದಲ್ಲಿ ಎಂಟರ ಆಕಾರದಲ್ಲಿ ಎರಡು ಸುತ್ತು ಹೊಡೆದು ಪಡೆದದ್ದು. ಅದೇ ಕಾಗದದ ಮೇಲೆ ಇವತ್ತು 145 ಅಶ್ವಶಕ್ತಿಯ ಗಾಡಿಯನ್ನೂ ಓಡಿಸಬಹುದು. ಯುರೋಪಿನ ದೇಶಗಳಲ್ಲಿ ಹಾಗಿಲ್ಲ. ಅಲ್ಲಿ ಎಳೆಯರಿಗೆ ಮೊದಲು ಸಣ್ಣ ಗಾಡಿ, ಆಮೇಲೆ 35 ಕಿಲೋವ್ಯಾಟ್‌ವರೆಗಿನದು, ಅಂದರೆ ಸುಮಾರು 47 ಅಶ್ವಶಕ್ತಿ, ಅದರ ಮೇಲೆ ವಯಸ್ಸೂ ಅನುಭವವೂ ಆದ ಮೇಲೆ ಇನ್ನೊಂದು ಪರೀಕ್ಷೆ. ನಮ್ಮಲ್ಲಿ ಹದಿನೆಂಟು ತುಂಬಿದ, ದುಡ್ಡಿರುವ ಅಪ್ಪನ ಮಗ ನೇರ ಇದರ ಮೇಲೆ ಕೂರಬಹುದು. ಐವತ್ತು ದಾಟಿದ ನಾನೂ ಕೂರಬಹುದು. ಇಬ್ಬರಲ್ಲಿ ಯಾರು ಹೆಚ್ಚು ಅಪಾಯಕಾರಿ ಎಂದು ನನ್ನ ಹೆಂಡತಿಯನ್ನು ಕೇಳಿದರೆ ಅವಳು ಯೋಚಿಸದೆ ನನ್ನ ಹೆಸರು ಹೇಳುತ್ತಾಳೆ.

ಹಣದ ಮಾತು ಅವಳದೇ ಇಲಾಖೆ. ಈ ಬೈಕು ಹೊರದೇಶದಿಂದ ಪೂರ್ತಿ ತಯಾರಾಗಿ ಬರುತ್ತದೆ, ಆದ್ದರಿಂದ ಆಮದು ಸುಂಕ. ಅದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ. ಮೀರಿದ ಬೈಕುಗಳಿಗೆ ಅದು ಶೇಕಡಾ 40 ಆಗಿದೆ, ಮೊದಲು ಸೆಸ್ ಸೇರಿ 31 ಇತ್ತು. 350ರ ಒಳಗಿನವಕ್ಕೆ 28ರಿಂದ 18ಕ್ಕೆ ಇಳಿಯಿತು. ಅಂದರೆ ಸರ್ಕಾರದ ದೃಷ್ಟಿಯಲ್ಲಿ ನನ್ನ ಆಸೆ ಈಗ ಅಧಿಕೃತವಾಗಿ ಐಷಾರಾಮ. ರಸ್ತೆ ತೆರಿಗೆ, ವಿಮೆ, ಪೆಟ್ಟಿಗೆಗಳು, ಹೆಲ್ಮೆಟ್ಟು, ಜಾಕೆಟ್ಟು ಸೇರಿಸಿ ಅವಳು ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಳು. ಅದರ ಪಕ್ಕದಲ್ಲೇ ಮಗಳ ಎಂಜಿನಿಯರಿಂಗಿನ ನಾಲ್ಕು ವರ್ಷದ ಲೆಕ್ಕವನ್ನೂ ಬರೆದಳು. ಎರಡೂ ಮೊತ್ತ ಹೆಚ್ಚು ಕಡಿಮೆ ಒಂದೇ ಇತ್ತು. ಅವಳು ಏನೂ ಹೇಳಲಿಲ್ಲ. ಕ್ಯಾಲೆಂಡರನ್ನು ಮತ್ತೆ ಗೋಡೆಗೆ ನೇತುಹಾಕಿದಳು, ಬರೆದ ಬದಿ ಹೊರಗೆ ಕಾಣುವ ಹಾಗೆ. "ಮಂಡಿಯ ಎಕ್ಸ್‌ರೇ ಕಪಾಟಿನ ಮೇಲಿನ ಖಾನೆಯಲ್ಲಿದೆ, ಷೋರೂಮಿಗೆ ಹೋಗುವಾಗ ತಗೊಂಡು ಹೋಗಿ" ಎಂದು ಮಾತ್ರ ಹೇಳಿದಳು.

ರಿಪೇರಿಯ ಪ್ರಶ್ನೆಯೂ ಇದೆ. ಸರ್ವೀಸ್ ಕೇಂದ್ರಗಳಿರುವುದು ದೊಡ್ಡ ನಗರಗಳಲ್ಲಿ. ಆದರೆ ಈ ಬೈಕು ಕೊಳ್ಳುವುದೇ ನಗರವಿಲ್ಲದ ಕಡೆ ಹೋಗುವುದಕ್ಕೆ! ಯೆಜ್ಡಿಯ ಕಾರ್ಬುರೇಟರನ್ನು ಅಪ್ಪಯ್ಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆಯುತ್ತಿದ್ದರು. ಇದರ ಹೊಟ್ಟೆಯೊಳಗೆ ಏನಾಗಿದೆ ಎಂದು ತಿಳಿಯಲು ಕಂಪ್ಯೂಟರು ಬೇಕು.

2004ರಲ್ಲಿ ಇಬ್ಬರು ಬ್ರಿಟಿಷ್ ನಟರು, ಯೂವನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೋರ್ಮನ್, ಲಂಡನ್ನಿನಿಂದ ಪೂರ್ವಕ್ಕೆ ಹೊರಟು ಯುರೋಪು, ಕಜಕಸ್ತಾನ್, ಮಂಗೋಲಿಯಾ, ಸೈಬೀರಿಯಾ ದಾಟಿ ನ್ಯೂಯಾರ್ಕಿನವರೆಗೆ ಬೈಕಿನಲ್ಲಿ ಹೋದರು. ಓಡಿಸಿದ್ದು ಇದೇ ಮನೆತನದ 1150 ಜಿಎಸ್. ಆ ಪ್ರವಾಸದ ಟಿವಿ ಸರಣಿ ಜಗತ್ತಿನ ಎಷ್ಟೋ ಮಧ್ಯವಯಸ್ಕರ ತಲೆಕೆಡಿಸಿತು. ನನ್ನದನ್ನೂ. ಆದರೆ ನಾನು ಎರಡನೇ ಸಲ ನೋಡುವಾಗ ಬೇರೆ ಭಾಗವನ್ನು ಗಮನಿಸಿದೆ. ಮಂಗೋಲಿಯಾದಲ್ಲಿ ರಸ್ತೆಯೇ ಇಲ್ಲ, ಕೆಸರು. ಸಾಮಾನು ತುಂಬಿದ ಆ ದೊಡ್ಡ ಬೈಕುಗಳು ಬೀಳುವುದು, ಎತ್ತುವುದು, ಮತ್ತೆ ಬೀಳುವುದು. ಜೊತೆಗಿದ್ದ ಕ್ಯಾಮೆರಾಮನ್ನನ ಬೈಕಿನ ಚೌಕಟ್ಟು ಮುರಿಯಿತು. ಅವರು ಅಲ್ಲೇ ಒಂದು ಕೆಂಪು ಬಣ್ಣದ ಸಣ್ಣ ರಷ್ಯನ್ ಬೈಕು ಕೊಂಡರು. ಒಂದು ಸಿಲಿಂಡರಿನ, ಟೂ ಸ್ಟ್ರೋಕ್ ಗಾಡಿ, ಯೆಜ್ಡಿಯ ದಾಯಾದಿಯ ಹಾಗಿರುವುದು. ಕ್ಯಾಮೆರಾಮನ್ ಅದರ ಮೇಲೆ ಕೂತು ಹೊರಟರು. ಇನ್ನೊಂದು ವಿಷಯವನ್ನೂ ನಾನು ಮೊದಲ ಸಲ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವರು ಬಿದ್ದಾಗ ಎತ್ತಲು ಯಾವಾಗಲೂ ಇನ್ನಿಬ್ಬರು ಇದ್ದರು. ನಾನು ಕಾಣುವ ಕನಸಿನಲ್ಲಿ ಎಲ್ಲ ಕಡೆಯೂ ನಾನೊಬ್ಬನೇ ಇರುತ್ತೇನೆ.

ಹಾಗೆಂದು ಸೋಲು ಒಪ್ಪಿಕೊಂಡೆನೇ? ಇಲ್ಲ. ಎತ್ತುವುದಕ್ಕೂ ಒಂದು ವಿದ್ಯೆ ಇದೆ ಎಂದು ಗೊತ್ತಾಯಿತು. ಠಾಣೆಯ ಗೆಳೆಯರು ತರಬೇತಿಯಲ್ಲಿ ಕಲಿತು ಬಂದಿದ್ದರು. ಅವರ ಹೋಟೆಲಿನ ಹಿಂದಿನ ಅಂಗಳದಲ್ಲಿ ಹಳೆಯ ಗಾದಿಯೊಂದನ್ನು ಹಾಸಿ ಬೈಕನ್ನು ಮೆಲ್ಲಗೆ ಮಲಗಿಸಿ ಕಲಿಸಿದರು. ನಿಮಗೂ ಉಪಯೋಗವಾದೀತು, ಯಾವ ಬೈಕಿಗಾದರೂ ಇದೇ ಕ್ರಮ. ಮೊದಲು ಎಂಜಿನ್ ಆರಿಸಿ. ಗಾಡಿ ಉರುಳದಂತೆ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಪಕ್ಕದ ಸ್ಟ್ಯಾಂಡನ್ನು ಮೊದಲೇ ಬಿಡಿಸಿಡಿ, ಇಲ್ಲವಾದರೆ ಎತ್ತಿದ ಗಾಡಿ ಆಚೆ ಬದಿಗೆ ಬೀಳುತ್ತದೆ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಗಾಡಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು, ಸೀಟಿಗೆ ಪೃಷ್ಠ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿ, ಇನ್ನೊಂದರಲ್ಲಿ ಹಿಂದಿನ ಹಿಡಿಕೆ. ಕೈಯಿಂದ ಎತ್ತಬಾರದು, ಸೊಂಟ ಬಗ್ಗಿಸಬಾರದು. ಕಾಲಿನಿಂದ ತಳ್ಳುತ್ತಾ ಒಂದೊಂದೇ ಸಣ್ಣ ಹೆಜ್ಜೆ ಹಿಂದಕ್ಕೆ. ಈ ಬೈಕಿನಲ್ಲಿ ಒಂದು ಅನುಕೂಲವೂ ಇದೆ. ಚಾಚಿಕೊಂಡ ಸಿಲಿಂಡರು ಅಡಿಗೆ ಬರುವುದರಿಂದ ಅದು ಪೂರ್ತಿ ಅಂಗಾತ ಮಲಗುವುದಿಲ್ಲ, ಅರ್ಧ ಎದ್ದುಕೊಂಡೇ ಇರುತ್ತದೆ.

ಮೊದಲ ಸಲ ಆಗಲಿಲ್ಲ. ಎರಡನೇ ಸಲ ಅರ್ಧಕ್ಕೆ ಬಂದು ವಾಪಸು ಹೋಯಿತು. ಮೂರನೇ ಸಲ ಎತ್ತಿದೆ! ಅಡುಗೆಯವರು, ಪಾತ್ರೆ ತೊಳೆಯುವ ಹುಡುಗ ಎಲ್ಲರೂ ಬಂದು ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ, ಹೆಮ್ಮೆಯೋ ಮಂಡಿಯೋ ಹೇಳಲಾರೆ. ಒಂದು ಗಂಟೆ ಬಿಟ್ಟು ಗೆಳೆಯರು, "ಇನ್ನೊಮ್ಮೆ ಎತ್ತಿ ನೋಡುವ" ಎಂದರು. ಆಗಲಿಲ್ಲ. ಅಲ್ಲಿ ಸಿಮೆಂಟಿನ ನೆಲವಿತ್ತು, ಬೆಳಕಿತ್ತು, ಪೆಟ್ಟಿಗೆಗಳಲ್ಲಿ ಸಾಮಾನು ಇರಲಿಲ್ಲ. ಮರುದಿನ ಕಚೇರಿಯಲ್ಲಿ ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕಾಯಿತು.

ಷೋರೂಮಿನವರಿಗೆ ತಿಂಗಳ ಕೊನೆಗೆ ತಿಳಿಸುತ್ತೇನೆ ಎಂದಿದ್ದೆ. ಆ ತಿಂಗಳು ಕಳೆಯಿತು. ಮುಂಗಡ ಕಟ್ಟಲಿಲ್ಲ. ಅವರ ನಂಬರನ್ನು ಮೊಬೈಲಿನಿಂದ ಅಳಿಸಿಯೂ ಇಲ್ಲ. ರಾತ್ರಿ ಊಟವಾದ ಮೇಲೆ ಈಗಲೂ ಅದರ ವಿಡಿಯೋ ನೋಡುತ್ತೇನೆ, ಘಾಟಿಯ ಆ ತಿರುವು ನೆನಪಾಗುತ್ತದೆ. ಅಂಥ ಗಾಡಿ ಇನ್ನೊಂದಿಲ್ಲ ಎಂಬ ನನ್ನ ಮಾತು ಬದಲಾಗಿಲ್ಲ. ಹತ್ತು ವರ್ಷ ಮೊದಲು ಈ ದುಡ್ಡು ಇದ್ದಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಹತ್ತು ವರ್ಷ ಮೊದಲು ಇದ್ದದ್ದು ಮಂಡಿ, ಈಗ ಇರುವುದು ದುಡ್ಡು. ಏನು ಮಾಡುವುದು!

ಅಷ್ಟರಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ. ಬರುವ ದೀಪಾವಳಿಗೆ ಊರಿಗೆ ಬೈಕಿನಲ್ಲೇ ಹೋಗುವುದೆಂದು ನಿಶ್ಚಯವಾಗಿದೆ. ಹಳೆಯ ಹೆದ್ದಾರಿಯಲ್ಲಿ ಪುಣೆ, ಆಮೇಲೆ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಅಲ್ಲಿಂದ ಯಲ್ಲಾಪುರ ಹಾದು ಶಿರಸಿ. ಆರುನೂರು ಕಿಲೋಮೀಟರ್ ಮೀರುತ್ತದೆ, ಆದ್ದರಿಂದ ಬೆಳಗಾವಿಯಲ್ಲಿ ಒಂದು ರಾತ್ರಿ. ಬಾಡಿಗೆಗೆ ತೆಗೆದುಕೊಳ್ಳುತ್ತಿರುವುದು ರಾಯಲ್ ಎನ್‌ಫೀಲ್ಡ್‌ನ ಹೊಸ ಹಿಮಾಲಯನ್. 2023ರ ನವೆಂಬರ್‌ನಲ್ಲಿ ಗೋವಾದಲ್ಲಿ ಅದು ಮಾರುಕಟ್ಟೆಗೆ ಬಂದಾಗ ಆರಂಭದ ಬೆಲೆ 2 ಲಕ್ಷದ 69 ಸಾವಿರ. 452 ಸಿ.ಸಿ., 40 ಅಶ್ವಶಕ್ತಿ. ಘಾಟಿಯಲ್ಲಿ ಹಿಂದಿನಿಂದ ಅಂಗೈ ಇಟ್ಟು ನೂಕುವವರು ಯಾರೂ ಇರುವುದಿಲ್ಲ. ನನ್ನ ಎರಡೂ ಪಾದ ಹೆಚ್ಚು ಕಡಿಮೆ ನೆಲಕ್ಕೆ ತಾಗುತ್ತವೆ. ಗಾದಿಯ ಮೇಲೆ ಮಲಗಿಸಿ ಐದು ಸಲ ಎತ್ತಿ ನೋಡಿದ್ದೇನೆ, ಐದೂ ಸಲ ಎದ್ದಿತು. ಆರನೆಯದಕ್ಕೆ ಹೆಂಡತಿ ಬಿಡಲಿಲ್ಲ.

ಮೊನ್ನೆ ಅಪ್ಪಯ್ಯನಿಗೆ ಫೋನ್ ಮಾಡಿ, ದೀಪಾವಳಿಗೆ ಬೈಕಿನಲ್ಲಿ ಬರುತ್ತೇನೆ, ದೊಡ್ಡದಲ್ಲ, ಸಣ್ಣದರಲ್ಲಿ ಎಂದೆ. ಅದರ ತೂಕವೆಷ್ಟು ಎಂದು ಕೇಳಿದರು. ನೂರ ತೊಂಬತ್ತಾರು ಎಂದೆ.

"ಯೆಜ್ಡಿಗಿಂತ ಐವತ್ತಾರು ಜಾಸ್ತಿ ಆತು" ಎಂದು ಹೇಳಿ, ಆಯಿಗೆ ಫೋನ್ ಕೊಟ್ಟರು.